ನಕಾಶೆಯಲ್ಲಿಲ್ಲದ ಸೇತುವೆ

ನಮ್ಮ ಕಾರಿನೊಳಗೆ ಒಬ್ಬಳು ಹೆಂಗಸಿದ್ದಾಳೆ. ಗಾಬರಿಯಾಗಬೇಡಿ, ನಾನು ಸಂಸಾರದ ಗುಟ್ಟನ್ನೇನೂ ಹೇಳಹೊರಟಿಲ್ಲ. ಹಿಂದಿನ ಕಾರುಗಳಲ್ಲಿ ರೇಡಿಯೋ ಇರುತ್ತಿದ್ದ ಜಾಗದಲ್ಲಿ ಈಗ ಒಂದು ಪರದೆ ಬಂದಿದೆಯಲ್ಲ, ಅದರೊಳಗಿನ ನಕಾಶೆಯ ದನಿ ಅವಳದು. ಹೋಗಬೇಕಾದ ಊರಿನ ಹೆಸರು ಒತ್ತಿದರೆ ಸಾಕು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಾಳೆ. ನಮ್ಮ ಊರುಗಳ ಹೆಸರನ್ನು ಅವಳು ಉಚ್ಚರಿಸುವ ರೀತಿಗೆ ಮೊದಮೊದಲು ನಗು ಬರುತ್ತಿತ್ತು. ನಮ್ಮವರು ಅವಳಿಗೆ 'ಟೀಚರಮ್ಮ' ಎಂದು ಹೆಸರಿಟ್ಟರು. "ಥೇಟ್ ನಿನ್ನ ಹಾಗೇ. ತಪ್ಪಿದ್ದರೂ ದನಿಯಲ್ಲಿ ಅನುಮಾನವೇ ಇರೋದಿಲ್ಲ" ಎಂದು ವಿವರಣೆಯನ್ನೂ ಕೊಟ್ಟರು. ಮೂವತ್ತು ವರ್ಷಕ್ಕೂ ಮೇಲಾಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿರುವ ನನಗೆ ಈ ಮಾತು ರುಚಿಸಲಿಲ್ಲ. ಆದರೆ ಅದರಲ್ಲಿ ನಿಜವಿತ್ತೆಂದು ತಿಳಿದದ್ದು ನಿಧಾನವಾಗಿ.

ನಾವು ಸಾಗರದವರು. ನನ್ನ ತವರುಮನೆ ಶರಾವತಿ ಹಿನ್ನೀರಿನ ಆಚೆ, ತುಮರಿಯ ಹತ್ತಿರ. ನಮ್ಮ ಕಡೆಯವರಿಗೆ ಇಷ್ಟು ಹೇಳಿದರೆ ಉಳಿದದ್ದೆಲ್ಲ ತಿಳಿಯುತ್ತದೆ. ಬೇರೆ ಊರಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಊರುಗಳು ಮುಳುಗಿದವು. ಮುಳುಗದೆ ಉಳಿದ ಊರುಗಳಲ್ಲಿ ಕರೂರು, ಬಾರಂಗಿ ಹೋಬಳಿಯವು ನೀರಿನ ಆಚೆ ಬಿದ್ದವು. ತಾಲ್ಲೂಕು ಕೇಂದ್ರ ಈ ದಡದಲ್ಲಿ, ಜನ ಆ ದಡದಲ್ಲಿ. ನಡುವೆ ಲಾಂಚು. ಬಸ್ಸು, ಲಾರಿ, ಮದುವೆ ದಿಬ್ಬಣ, ಬಾಣಂತಿ, ಅಡಿಕೆ ಮೂಟೆ, ಸಿಗಂದೂರಿಗೆ ಹೋಗುವ ಭಕ್ತರು, ಎಲ್ಲರಿಗೂ ಅದೇ. ಸಂಜೆ ಕೊನೆಯ ಲಾಂಚು ತಪ್ಪಿತೆಂದರೆ ಹೊಸನಗರದ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ಅದು ನೇರದಾರಿಯ ಎರಡರಷ್ಟಕ್ಕೂ ಮೀರಿದ ದಾರಿ.

2025ರ ಜುಲೈ 14ರಂದು ಆ ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಆರು ದಶಕ ಕಾದವರ ಪಾಲಿಗೆ ಅದೆಂಥ ದಿನ ಎಂದು ನಾನು ಹೇಳಬೇಕಾಗಿಲ್ಲ. ಅದಾದ ಎರಡನೇ ಭಾನುವಾರ ನಾವೂ ಕಾರು ತೆಗೆದುಕೊಂಡು ಹೊರಟೆವು. ಜಿಟಿಜಿಟಿ ಮಳೆ, ಹಿನ್ನೀರಿನ ಮೇಲೆ ಮಂಜು. ದಾರಿ ನನಗೆ ಕಣ್ಣುಕಟ್ಟಿದರೂ ಗೊತ್ತು, ಆದರೂ ನಮ್ಮವರಿಗೆ ಟೀಚರಮ್ಮನನ್ನು ಪರೀಕ್ಷಿಸುವ ಆಸೆ. ತುಮರಿ ಎಂದು ಒತ್ತಿದರು.

ಅವಳು ಹೊಳೆಬಾಗಿಲಿನವರೆಗೆ ಜಾಣೆಯಂತೆ ನಡೆಸಿಕೊಂಡು ಬಂದಳು. ಪರದೆಯ ಮೇಲೆ ಅಲ್ಲಿಂದಾಚೆಗೆ ಬರೀ ನೀಲಿ, ನೀಲಿಯ ನಡುವೆ ಲಾಂಚಿನ ದಾರಿಯೆಂದು ತೋರಿಸುವ ಚುಕ್ಕೆಚುಕ್ಕೆಯ ಗೆರೆ. ನಮ್ಮವರು ಸೇತುವೆಯ ಕಡೆಗೆ ತಿರುಗಿಸಿದರು. ಅವಳು ಒಂದು ಕ್ಷಣ ಸುಮ್ಮನಾದಳು. ಆಮೇಲೆ ಶುರುಮಾಡಿದಳು ನೋಡಿ, "ಯೂ ಟರ್ನ್ ಮಾಡಿ, ಯೂ ಟರ್ನ್ ಮಾಡಿ" ಎಂದು! ಎಡಬಲಗಳಲ್ಲಿ ತುಂಬಿದ ಹಿನ್ನೀರು, ಮೇಲೆ ದಪ್ಪ ದಪ್ಪ ಕೇಬಲ್ಲುಗಳು, ಹಿಂದೆ ಮುಂದೆ ಸಾಲುಗಟ್ಟಿದ ಕಾರುಗಳು, ಸೆಲ್ಫಿ ತೆಗೆಯುವ ಜನ. ಇಲ್ಲಿ ಯೂ ಟರ್ನ್! ಪರದೆಯಲ್ಲಿ ನಮ್ಮ ಕಾರೆಂಬ ಸಣ್ಣ ಬಾಣದ ಗುರುತು ನೀಲಿ ನೀರಿನ ನಟ್ಟನಡುವೆ ದೋಣಿಯಂತೆ ತೇಲುತ್ತಿತ್ತು. ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ನಗುವಿನದೆಷ್ಟು, ಬೇರೆಯದೆಷ್ಟು, ಆಗ ನಾನು ಲೆಕ್ಕ ಹಾಕಲಿಲ್ಲ.

"ಇದಕ್ಕೆ ಮ್ಯಾಪು ಬದಲಿಸಬೇಕು" ಎಂದರು ನಮ್ಮವರು.

ನನ್ನ ಪ್ರಶ್ನೆ ಬೇರೆ. ಆಕಾಶದಲ್ಲಿ ಅಷ್ಟೊಂದು ಉಪಗ್ರಹಗಳಿವೆ, ಎಲ್ಲವನ್ನೂ ನೋಡುತ್ತಿವೆ, ಇಷ್ಟು ದೊಡ್ಡ ಸೇತುವೆ ಅವಕ್ಕೆ ಕಾಣಲಿಲ್ಲವೆ? ನೀವೂ ಹೀಗೇ ಅಂದುಕೊಂಡಿರಬಹುದು. ಗೌರಿ-ಗಣೇಶನ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮಗ ಇದನ್ನು ನನಗೆ ಪಾಠ ಹೇಳುವ ಧಾಟಿಯಲ್ಲೇ ಬಿಡಿಸಿ ಹೇಳಿದ. ಜಿಪಿಎಸ್ ಉಪಗ್ರಹಗಳು ನಮ್ಮನ್ನು ನೋಡುವುದೇ ಇಲ್ಲವಂತೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಅವು ತಾವೆಲ್ಲಿದ್ದೇವೆ, ಈಗ ಸಮಯವೆಷ್ಟು ಎಂಬುದನ್ನು ಮಾತ್ರ ಸಾರುತ್ತಿರುತ್ತವೆ. ಕಾರಿನೊಳಗಿನ ಯಂತ್ರ ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಅವು ಬಂದು ತಲುಪಲು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕಿ, ತಾನಿರುವ ಜಾಗ ಕಂಡುಕೊಳ್ಳುತ್ತದೆ. ಆ ಜಾಗದಲ್ಲಿ ರಸ್ತೆಯಿದೆಯೋ, ನೀರಿದೆಯೋ, ದೇವಸ್ಥಾನವಿದೆಯೋ ಎಂಬುದು ಉಪಗ್ರಹದಿಂದ ಬರುವುದಲ್ಲ. ಅದು ಕಾರಿನೊಳಗೆ ಮೊದಲೇ ತುಂಬಿಟ್ಟ ನಕಾಶೆಯಿಂದ ಬರಬೇಕು. "ಎಲ್ಲಿದ್ದೀವಿ ಅಂತ ಅವಳಿಗೆ ಸರಿಯಾಗೇ ಗೊತ್ತಮ್ಮ. ಅಲ್ಲಿ ಏನಿದೆ ಅನ್ನೋದು ಮಾತ್ರ ಹಳೇದು" ಎಂದ.

ಹಾಗಾದರೆ ಫೋನಿನ ನಕಾಶೆ ಸಾಲದೆ ಎಂದು ನೀವು ಕೇಳಬಹುದು. ಪೇಟೆಯಲ್ಲಿ ಸಾಕು. ಫೋನು ತನಗೆ ಬೇಕಾದ್ದನ್ನು ಇಂಟರ್‌ನೆಟ್ಟಿನಿಂದ ಆಗಾಗ ತರಿಸಿಕೊಳ್ಳುತ್ತದೆ. ನಮ್ಮ ಮಲೆನಾಡಿನಲ್ಲಿ ಎರಡು ತಿರುವು ದಾಟಿದರೆ ನೆಟ್‌ವರ್ಕು ಕೈಕೊಡುತ್ತದೆ. ಕಾರಿನ ನಕಾಶೆಗೆ ಆ ಹಂಗಿಲ್ಲ. ಆದರೆ ಹಂಗಿಲ್ಲದವರ ಕಷ್ಟವೂ ಅದೇ. ಯಾರೂ ಬಂದು ಹೇಳದಿದ್ದರೆ ಲೋಕ ಬದಲಾದದ್ದು ಅವರಿಗೆ ತಿಳಿಯುವುದಿಲ್ಲ. 2018ರ ಮಾಡೆಲ್ ಕಾರನ್ನು ನಾವು 2021ರಲ್ಲಿ ಕೈಬದಲು ಕೊಂಡದ್ದು. ಅದರ ನಕಾಶೆಗೂ ಕಾರಿನಷ್ಟೇ ವಯಸ್ಸು.

ನಮ್ಮವರು ಅದಕ್ಕೆ ಮೊದಲೇ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದ್ದರು. ಅಲ್ಲಿಯ ಹುಡುಗ ಕೆಲವು ಸಾವಿರದ ಲೆಕ್ಕ ಹೇಳಿದ್ದ. "ಅಷ್ಟು ದುಡ್ಡಿಗೆ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಕೇಳಿಕೊಂಡು, ಕಾಫಿ ಕುಡಿಸಿಕೊಂಡು ಹೋಗಬಹುದು" ಎಂದು ಇವರು ವಾಪಸು ಬಂದಿದ್ದರು. ಮಗ ಹುಡುಕಿ ನೋಡಿದರೆ ನಮ್ಮ ಮಾದರಿಯ ಕಾರಿಗೆ ಕಂಪನಿಯವರೇ ಪುಕ್ಕಟೆ ಕೊಡುತ್ತಿದ್ದಾರೆ! ಎಲ್ಲ ಕಾರಿಗೂ ಹಾಗಿರುವುದಿಲ್ಲವಂತೆ. ಕೆಲವಕ್ಕೆ ದುಡ್ಡು ಕೊಡಲೇಬೇಕು, ಕೆಲವಕ್ಕೆ ಮೆಮೊರಿ ಕಾರ್ಡನ್ನೇ ಬದಲಿಸಬೇಕು. ಆದ್ದರಿಂದ ಕೈಗೆ ದುಡ್ಡು ತೆಗೆಯುವ ಮೊದಲು ವಿಚಾರಿಸುವುದು ಒಳ್ಳೆಯದು.

ಆ ಕೆಲಸ ನಡೆದ ಬಗೆಯನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು ಕಾರಿನ ಪರದೆಯ ಸೆಟ್ಟಿಂಗ್ಸಿನಲ್ಲಿ ನಕಾಶೆ ಯಾವ ವರ್ಷದ್ದೆಂದು ನೋಡಿಕೊಂಡೆವು. ಆರ್‌ಸಿ ಪುಸ್ತಕದಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ಪುಟದಲ್ಲಿ ತುಂಬಿದೆವು. ಕಡತ ಎಷ್ಟೋ ಜಿಬಿಗಳದ್ದು. ನಾನು ಪ್ರಶ್ನೆಪತ್ರಿಕೆ ಇಟ್ಟುಕೊಳ್ಳುವ ಪೆನ್‌ಡ್ರೈವಿನಲ್ಲಿ ಹಿಡಿಯಲಿಲ್ಲ. ಪೇಟೆಗೆ ಹೋಗಿ 32 ಜಿಬಿಯದು ತಂದೆವು. ಇಡೀ ರಾತ್ರಿ ಕಡತ ಇಳಿಯಿತು. ಬೆಳಿಗ್ಗೆ ಕಾರಿಗೆ ಚುಚ್ಚಿದರೆ, ಏನೂ ಇಲ್ಲ ಎಂದಿತು. ಪೆನ್‌ಡ್ರೈವನ್ನು ಕಾರು ಓದುವ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿರಲಿಲ್ಲವಂತೆ. ಮತ್ತೆ ಮೊದಲಿಂದ. ಎರಡನೆಯ ಸಲ ಒಪ್ಪಿಕೊಂಡಿತು. ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಓಡುತ್ತಲೇ ಇರಬೇಕು, ನಡುವೆ ಪೆನ್‌ಡ್ರೈವ್ ಕೀಳಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಿಷದ ಹೊಗೆ ತುಂಬಿಕೊಳ್ಳುತ್ತದೆ, ಅದಕ್ಕೆ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಗಣಪತಿಗೆ ಕಡುಬು ಬೇಯುವುದನ್ನು ನೋಡಲು ನಾನು ಒಳಗೆ, ಕಾರಿಗೆ ನಕಾಶೆ ತುಂಬುವುದನ್ನು ನೋಡಲು ಅಪ್ಪ-ಮಗ ಹೊರಗೆ.

ಕೊನೆಗೂ ಮುಗಿಯಿತು. ಪರದೆ ಆರಿ ಹತ್ತಿತು. ಶಿವಮೊಗ್ಗದ ಸುತ್ತ ಹೊಸ ರಸ್ತೆಗಳು ಬಂದಿದ್ದವು, ಎಲ್ಲೆಲ್ಲಿಯದೋ ಪೆಟ್ರೋಲ್ ಬಂಕುಗಳು ಬಂದಿದ್ದವು. ನಾನು ಆಸೆಯಿಂದ ಬೆರಳಲ್ಲಿ ಸರಿಸಿಕೊಂಡು ಹೊಳೆಬಾಗಿಲಿಗೆ ಹೋದೆ. ಅದೇ ನೀಲಿ. ಅದೇ ಚುಕ್ಕೆಚುಕ್ಕೆ ಗೆರೆ. ಸೇತುವೆ ಇರಲಿಲ್ಲ.

"ಹೊಸ ಮ್ಯಾಪು ಅಂದ್ರೆ ಅದು ತಯಾರಾದ ದಿನದವರೆಗೆ ಹೊಸದು, ಅಷ್ಟೇ. ಇದು ಸೇತುವೆ ಆಗೋಕೆ ಮುಂಚೆ ತಯಾರಾದದ್ದು. ಮುಂದಿನದರಲ್ಲಿ ಬರಬಹುದು" ಎಂದು ಮಗ ನನ್ನ ಮುಖ ನೋಡಿ ಸಮಾಧಾನ ಹೇಳಿದ.

ಈ ಮಾತು ಕೇಳಿದಾಗ ನನಗೆ ಒಬ್ಬ ಹುಡುಗಿಯ ನೆನಪಾಯಿತು. ನಾನು ಕೆಲಸಕ್ಕೆ ಸೇರಿದಾಗ ಕರ್ನಾಟಕಕ್ಕೆ 20 ಜಿಲ್ಲೆಗಳು. ಗೋಡೆಗೆ ನೇತುಹಾಕುವ ರೋಲ್ ಮ್ಯಾಪಿನಲ್ಲಿ ಇನ್ನೂ 19 ಇದ್ದವು, 1986ರಲ್ಲಾದ ಬೆಂಗಳೂರು ಗ್ರಾಮಾಂತರವನ್ನು ಯಾರೋ ಪೆನ್ನಿನಲ್ಲಿ ಗೆರೆಯೆಳೆದು ಸೇರಿಸಿದ್ದರು. 1997ರ ಆಗಸ್ಟಿನಲ್ಲಿ ಒಮ್ಮೆಲೇ ಏಳು ಹೊಸ ಜಿಲ್ಲೆಗಳಾದವು. ಆ ವರ್ಷದ ಕಿರುಪರೀಕ್ಷೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಕರ್ನಾಟಕದ ಜಿಲ್ಲೆಗಳು 27 ಎಂದು ಬರೆದಳು. ಪುಸ್ತಕದಲ್ಲಿ 20 ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಒಂದು ಅಂಕ ಕಳೆದೆ. ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಪೇಪರಿನಲ್ಲಿ ಬಂದಿದೆ ಟೀಚರ್" ಎಂದಳು. "ಪರೀಕ್ಷೆಗೆ ಪುಸ್ತಕದಲ್ಲಿರುವುದೇ ಸರಿ" ಎಂದೆ. ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಯೂ ಟರ್ನ್ ಮಾಡಿ ಎಂದದ್ದೂ ಅದೇ ದನಿ ಅಲ್ಲವೆ?

ಆಮೇಲೆ 2007ರಲ್ಲಿ ಎರಡು ಜಿಲ್ಲೆಗಳಾದವು, ಯಾದಗಿರಿ ಬಂತು, 2021ರಲ್ಲಿ ವಿಜಯನಗರ ಸೇರಿ 31 ಆಯಿತು. ಪ್ರತಿಸಲವೂ ನಾನು ಪೆನ್ಸಿಲ್ಲಿನಿಂದ ನಕಾಶೆ ತಿದ್ದಿ ಮಕ್ಕಳಿಗೆ ತೋರಿಸಿದ್ದೇನೆ. ಆದರೆ ಆ ಹುಡುಗಿಯ ಒಂದು ಅಂಕವನ್ನು ಹಿಂತಿರುಗಿಸಲಿಲ್ಲ. ಈಗ ಎಲ್ಲಿದ್ದಾಳೋ, ಅವಳಿಗೂ ನಲವತ್ತು ದಾಟಿರಬೇಕು.

ಇಲ್ಲಿಯವರೆಗಿನದು ನಗುತ್ತಾ ಹೇಳಬಹುದಾದ ಕಥೆ. ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ನನ್ನ ಅಮ್ಮನಿಗೆ ಎಂಬತ್ತಾಗಿದೆ. ತಮ್ಮ, ಅವನ ಹೆಂಡತಿಯ ಜೊತೆ ಅದೇ ಮನೆಯಲ್ಲಿದ್ದಾಳೆ. ಸಾಗರಕ್ಕೆ ಬಂದಿರು ಎಂದರೆ ಎರಡು ದಿನಕ್ಕೇ ಚಡಪಡಿಸುತ್ತಾಳೆ. ಆಗಾಗ ಫೋನಿನಲ್ಲಿ ಒಂದೇ ಪ್ರಶ್ನೆ, "ಯಾವಾಗ ಬರ್ತೀ ಕೂಸೆ?" ನನ್ನ ಉತ್ತರವೂ ಒಂದೇ. ಲಾಂಚಿನ ಗಲಾಟೆ ಅಮ್ಮ. ಭಾನುವಾರ ಸಿಗಂದೂರಿನ ರಶ್ಶು, ಗಂಟೆಗಟ್ಟಲೆ ಕಾಯಬೇಕು. ಬೇಸಿಗೆಯಲ್ಲಿ ನೀರಿಳಿದಿದೆ, ಗಾಡಿ ಹತ್ತಿಸುವುದಿಲ್ಲವಂತೆ. ಮಳೆಗಾಲದಲ್ಲಿ ಗಾಳಿ. ಇವೆಲ್ಲ ಸುಳ್ಳಲ್ಲ. ಸುಳ್ಳಲ್ಲವಾದ್ದರಿಂದಲೇ ಅಷ್ಟು ವರ್ಷ ಬಾಳಿಕೆ ಬಂದವು. ಪೇಪರ್ ತಿದ್ದುವುದಿತ್ತು, ಮನೆಗೆ ನೆಂಟರಿದ್ದರು, ಅಥವಾ ಸುಮ್ಮನೆ ಭಾನುವಾರ ಮಲಗಬೇಕೆನಿಸಿತ್ತು ಎಂದು ಹೇಳುವುದಕ್ಕಿಂತ ಹೊಳೆಯ ಮೇಲೆ ಹಾಕುವುದು ಸುಲಭ. ಹೊಳೆ ತಿರುಗಿ ಮಾತಾಡುವುದಿಲ್ಲವಲ್ಲ.

2025ರ ದಸರಾ ರಜೆ ಮುಗಿಯುತ್ತಾ ಬಂದಾಗ ಅಮ್ಮ ಫೋನ್ ಮಾಡಿದಳು. ನಾನು ಒಲೆಯ ಮುಂದಿದ್ದೆ. ಯಾವಾಗ ಬರ್ತೀ ಎಂದಳು. ಯೋಚಿಸದೆ ಬಾಯಿಗೆ ಬಂದದ್ದು, "ಲಾಂಚಿನ ಗಲಾಟೆ ಅಮ್ಮ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಲಾಂಚಾ?" ಎಂದಳು. "ಸೇತುವೆ ಆಗಿ ಮೂರು ತಿಂಗಳಾಗ್ತಾ ಬಂತಲ್ಲ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಈ ಸಲ ಅಡಿಕೆಗೆ ಕೊಳೆ ಜಾಸ್ತಿ ಎಂದು ಬೇರೆ ಮಾತು ತೆಗೆದಳು. ನಾನು ಹೂಂಗುಟ್ಟಿದೆ. ಫೋನಿಟ್ಟ ಮೇಲೆ ನೋಡಿದರೆ ಒಗ್ಗರಣೆ ಕರಟಿಹೋಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. 2011ರಲ್ಲಿ ಅಪ್ಪ ಹೋದ ರಾತ್ರಿ ನೆನಪಾಯಿತು. ಸುದ್ದಿ ಬಂದಾಗ ಕೊನೆಯ ಲಾಂಚು ಹೋಗಿಯಾಗಿತ್ತು. ಬಾಡಿಗೆ ಜೀಪು ಹಿಡಿದು, ಹೊಸನಗರದ ಕಡೆಯಿಂದ ಸುತ್ತಿ, ಕಾಡಿನ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾ ನಡುರಾತ್ರಿ ಕಳೆದ ಮೇಲೆ ಮನೆ ಮುಟ್ಟಿದ್ದೆ. ಅಂದರೆ ಆ ರಾತ್ರಿ ಹೊಳೆಯಿದ್ದರೂ ನಾನು ಹೋದೆ. ದಾರಿ ಆಗಲೂ ಇತ್ತು. ಸತ್ತವರನ್ನು ನೋಡಲು ಇದ್ದ ದಾರಿ ಬದುಕಿದ್ದವರನ್ನು ನೋಡಲು ನನಗೆ ಕಾಣಲಿಲ್ಲ. ಕಾರಿನವಳನ್ನು ನೋಡಿ ಅಷ್ಟು ನಕ್ಕಿದ್ದೆನಲ್ಲ, ಅವಳಿಗಾದರೂ ಸೇತುವೆಯಾದದ್ದನ್ನು ಯಾರೂ ಹೇಳಿರಲಿಲ್ಲ. ನಾನು ಅದರ ಮೇಲೆ ಸ್ವತಃ ದಾಟಿ ಹೋಗಿಬಂದವಳು.

ಮಾರನೆಯ ಭಾನುವಾರವೇ ಹೋಗಿಬಂದೆ, ಹಗುರಾಗಲಿಲ್ಲ. ಒಂದು ಸಲ ಹೋಗಿಬಂದರೆ ಮುಗಿಯುವ ಲೆಕ್ಕವಲ್ಲ ಅದು. ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗುವುದೆಂದು ಇಟ್ಟುಕೊಂಡೆ. ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತ ಡ್ರೈವಿಂಗ್ ಅದುವರೆಗೆ ಶಾಲೆಗೆ, ತರಕಾರಿ ತರಲು ಮಾತ್ರ ಇತ್ತು. ಈಗ ಒಬ್ಬಳೇ ಸೇತುವೆ ದಾಟುತ್ತೇನೆ. ಟೀಚರಮ್ಮ ಪ್ರತಿಸಲವೂ ಯೂ ಟರ್ನ್ ಎಂದು ಕೂಗುತ್ತಿದ್ದಳು. ದನಿ ತಗ್ಗಿಸುವ ಗುಂಡಿ ಎಲ್ಲಿದೆ ಎಂದು ನನಗೆ ಗೊತ್ತು, ಆದರೂ ತಗ್ಗಿಸಲಿಲ್ಲ. ಕೇಳಿಸಿಕೊಳ್ಳಲಿ ಎಂದು ನನಗೆ ನಾನೇ ಹಾಕಿಕೊಂಡ ಶಿಕ್ಷೆ ಎನ್ನಿ.

ಸಂಕ್ರಾಂತಿಗೆ ಮಗ ಬಂದಾಗ ಕಂಪನಿಯವರು ಹೊಸ ಆವೃತ್ತಿ ಬಿಟ್ಟಿದ್ದರು. ಈ ಸಲ ಪೆನ್‌ಡ್ರೈವಿನ ಕೆಲಸವನ್ನೆಲ್ಲ ನಾನೇ ಮಾಡಿದೆ. ಅವನು ಪಕ್ಕದಲ್ಲಿ ಕೂತು ಎಳ್ಳು-ಬೆಲ್ಲ ತಿನ್ನುತ್ತಿದ್ದ. ಮುಕ್ಕಾಲು ಗಂಟೆಯ ಮೇಲೆ ಪರದೆ ಹತ್ತಿದಾಗ ಹೊಳೆಬಾಗಿಲಿಗೆ ಸರಿಸಿ ನೋಡಿದೆ. ನೀಲಿಯ ಮೇಲೆ ದಡದಿಂದ ದಡಕ್ಕೆ ಸಣ್ಣ ಬಿಳಿ ಗೆರೆ! ಸೇತುವೆ ಬಂದಿತ್ತು. ಲಾಂಚಿನ ಚುಕ್ಕೆಗಳು ಇರಲಿಲ್ಲ. ಆ ಲಾಂಚಿನ ಮೇಲೆ ನಿಂತು ಕಾಲೇಜಿಗೆ ಹೋದವಳು, ಮದುವೆಯ ಸೀರೆಯಲ್ಲಿ ದಾಟಿದವಳು, ಹಸುಗೂಸನ್ನೆತ್ತಿಕೊಂಡು ತವರಿಂದ ಮರಳಿದವಳು ನಾನು. ಗೆರೆ ಅಳಿಸಿದ್ದು ನೋಡಿ ಒಂದು ಕ್ಷಣ ಹೇಗೋ ಆಯಿತು.

ಮರುದಿನ ಊರಿಗೆ ಹೋದವಳು ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಸೇತುವೆಯ ತನಕ ಕರೆತಂದೆ. ದಡದಲ್ಲಿ ಒಂದು ಕಡೆ ನಿಲ್ಲಿಸಿ ಪರದೆ ತೋರಿಸಿದೆ. "ಇದು ಸೇತುವೆ, ಇದು ತುಮರಿ, ಇದು ನಾವು" ಎಂದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ನನ್ನ ಅಪ್ಪನ ಮನೆ ಎಲ್ಲಿ ಬರ್ತದೆ?"

ಅಮ್ಮನ ತವರು ಮಡೆನೂರಿನ ಹತ್ತಿರದ ಊರು. ಲಿಂಗನಮಕ್ಕಿಗೂ ಮೊದಲು, 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಅಲ್ಲಿತ್ತು. ಲಿಂಗನಮಕ್ಕಿಯ ನೀರು ನಿಂತಾಗ ಆ ಅಣೆಕಟ್ಟೇ ಮುಳುಗಿತು. ಅಂದಮೇಲೆ ಮನೆಗಳ ಮಾತೆಲ್ಲಿ? ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಮ್ಮ ಒಮ್ಮೆಯೂ ಹೋದವಳಲ್ಲ.

"ಇದರಲ್ಲಿ ಇಲ್ಲಮ್ಮ, ಬರೀ ನೀರು ತೋರಿಸ್ತದೆ" ಎಂದೆ.

"ಗೊತ್ತು. ಆ ನೀರಲ್ಲೇ ಎಲ್ಲಿ ಅಂತ ಕೇಳಿದ್ದು."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಕಾಶೆ ಕಲಿಸಿದವಳು ಅಮ್ಮನ ಊರು ಎಲ್ಲಿತ್ತೆಂದು ಒಂದು ದಿನವೂ ಕೇಳಿರಲಿಲ್ಲ. ಅಮ್ಮನೇ ಬೆರಳು ಚಾಚಿ ನೀಲಿಯ ಒಂದು ಕಡೆ ಇಟ್ಟಳು. ಪರದೆ ಸರಿಯಿತು. ಬೆಚ್ಚಿ ಕೈ ತೆಗೆದಳು. ನಾನು ಮತ್ತೆ ಮೊದಲಿನ ಜಾಗಕ್ಕೆ ತಂದೆ. ಅವಳು ಈ ಸಲ ಮುಟ್ಟದೆ, ಒಂದಂಗುಲ ದೂರದಲ್ಲೇ ಬೆರಳು ಆಡಿಸುತ್ತಾ ಹೇಳತೊಡಗಿದಳು. ಇಲ್ಲಿ ಗದ್ದೆಬಯಲು, ಇಲ್ಲಿ ನಾಗರಬನ, ಇಲ್ಲಿಂದ ಸಂಕ ದಾಟಿದರೆ ದೊಡ್ಡಪ್ಪನ ಮನೆ, ಆಚೆ ಹುಣಸೆಮರ. ನಾನು ಕೈಚೀಲದಿಂದ ಹಾಜರಿ ಪುಸ್ತಕದ ಹಿಂದಿನ ಖಾಲಿ ಹಾಳೆ ತೆಗೆದು ಅವಳು ಹೇಳಿದಂತೆ ಗೆರೆ ಎಳೆಯುತ್ತಾ ಹೋದೆ. "ಹಾಗಲ್ಲ, ಸಂಕ ಬಲಕ್ಕೆ" ಎಂದು ಎರಡು ಸಲ ತಿದ್ದಿಸಿದಳು. ದನಿಯಲ್ಲಿ ಅನುಮಾನವಿರಲಿಲ್ಲ.

ಕತ್ತಲಾಗುತ್ತಾ ಬಂತು. ಮನೆಗೆ ವಾಪಸು ಬಿಟ್ಟು ಹೊರಡುವಾಗ ಅಮ್ಮ ಕಾರಿನ ಕಿಟಕಿಯ ಹತ್ತಿರ ಬಂದಳು.

"ಇನ್ನೂ ಆಚೆ ಕೇರಿ ಬರೆಸೋದು ಉಳಿದದೆ. ಯಾವಾಗ ಬರ್ತೀ?"

"ಎರಡನೇ ಶನಿವಾರ" ಎಂದೆ.